ಧಾರವಾಡದ ಕರಿಹಲಗೆಯ ಗಣಿತ: ಪ್ರೊ. ಇ. ಸಂಪತ್‌ಕುಮಾರ್ ಅವರ ಕೆಲಸ

(ಸುವರ್ಣ ಮಹೋತ್ಸವದ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಲಿಖಿತ ರೂಪ)



ಸಮಿತಿಯವರು ನನಗೆ "ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು" ಎಂಬ ವಿಷಯ ಕೊಟ್ಟಿದ್ದರು. ಆ ಮಾಹಿತಿ ಈಗ ಎಲ್ಲರ ಕೈಯಲ್ಲಿರುವ ಮೊಬೈಲಿನಲ್ಲೇ ಸಿಗುತ್ತದೆ. ಹಾಗಾಗಿ ಅವರ ಅನುಮತಿ ಪಡೆದು, ಮೊಬೈಲಿನಲ್ಲಿ ಹುಡುಕಿದರೂ ಕನ್ನಡದಲ್ಲಿ ಸುಲಭವಾಗಿ ಸಿಗದ ಒಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಅದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೂ ಆಮೇಲೆ ಮೈಸೂರು ವಿಶ್ವವಿದ್ಯಾಲಯದಲ್ಲಿಯೂ ಗಣಿತ ಕಲಿಸಿದ ಪ್ರೊಫೆಸರ್ ಇ. ಸಂಪತ್‌ಕುಮಾರ್ ಅವರ ಸಂಶೋಧನೆಯ ವಿಷಯ. ಗಣಿತ ಎಂದ ಕೂಡಲೇ ಹಿಂದಿನ ಸಾಲಿನವರು ಚಹಾ ಕಡೆ ನೋಡಬೇಡಿ. ಇಂದು ಹೇಳುವುದೆಲ್ಲ ನಮ್ಮ ಊರು, ನಮ್ಮ ರೈಲು, ನಮ್ಮ ಪಾರ್ಟಿ ರಾಜಕಾರಣದ ಭಾಷೆಯಲ್ಲಿಯೇ ಬರುತ್ತದೆ.

ಅವರ ಹೆಸರು ನನಗೆ ಸಿಕ್ಕಿದ್ದು ಕೆಲಸದ ಸಂದರ್ಭದಲ್ಲಿ. ಒಂದು ಕಾರ್ಖಾನೆಯ ತುಂಬ ಚಿಕ್ಕ ಚಿಕ್ಕ ಸೆನ್ಸರ್‌ಗಳನ್ನು ಹಾಕಿದ್ದರು. ಪ್ರತಿಯೊಂದಕ್ಕೂ ಒಂದು ಬ್ಯಾಟರಿ, ಒಂದು ಪುಟ್ಟ ರೇಡಿಯೊ. ರೇಡಿಯೊ ಹತ್ತಿರದವರಿಗೆ ಮಾತ್ರ ಕೇಳಿಸುತ್ತದೆ. ಒಂದು ಸುದ್ದಿ ಎಲ್ಲರಿಗೂ ಮುಟ್ಟಬೇಕು, ಆದರೆ ಎಲ್ಲರೂ ಕೂಗಿದರೆ ಗದ್ದಲವೂ ಆಗುತ್ತದೆ, ಬ್ಯಾಟರಿಯೂ ಖಾಲಿಯಾಗುತ್ತದೆ. ಹಾಗಾದರೆ ಸುದ್ದಿ ದಾಟಿಸುವ ಕೆಲಸವನ್ನು ಯಾವ ಕೆಲವರಿಗೆ ಮಾತ್ರ ಕೊಡಬೇಕು? ಇದು ನಮ್ಮ ತಂಡದ ಮುಂದಿದ್ದ ಪ್ರಶ್ನೆ. ಇದರ ಬಗ್ಗೆ ಓದುತ್ತಾ ಹೋದಾಗ ಒಂದರ ಹಿಂದೊಂದು ವಿದೇಶಿ ಪ್ರಬಂಧಗಳ ಕೊನೆಯ ಪಟ್ಟಿಯಲ್ಲಿ ಒಂದೇ ಸಾಲು ಕಾಣತೊಡಗಿತು: ಸಂಪತ್‌ಕುಮಾರ್ ಮತ್ತು ವಾಲೀಕಾರ, 1979. ವಾಲೀಕಾರ ಎಂಬ ಹೆಸರು ನೋಡಿ, ಇವರು ನಮ್ಮ ಕಡೆಯವರೇ ಇರಬೇಕು ಎಂದು ಕುತೂಹಲವಾಯಿತು. ಹುಡುಕಿ ನೋಡಿದರೆ ಇಬ್ಬರೂ ಧಾರವಾಡದಲ್ಲಿ ಕೂತು ಆ ಪ್ರಬಂಧ ಬರೆದಿದ್ದರು. ನಾನು ಬೆಳಗಾವಿಯಲ್ಲಿ ಬಿ.ಇ. ಓದಿದ ನಾಲ್ಕು ವರ್ಷಗಳಲ್ಲಿ ಆ ಹೆಸರು ನನ್ನ ಕಿವಿಗೆ ಬಿದ್ದಿರಲಿಲ್ಲ. ನಿಮ್ಮ ಕಿವಿಗಾದರೂ ಇವತ್ತು ಬೀಳಲಿ ಎಂಬುದು ನನ್ನ ಆಸೆ.

ಮೊದಲು ಗ್ರಾಫ್ ಎಂದರೇನು ಎಂದು ಹೇಳಿಬಿಡುತ್ತೇನೆ. ಚೌಕುಳಿ ಕಾಗದದ ಮೇಲೆ ಬರೆಯುವ ಗ್ರಾಫ್ ಬೇರೆ, ಇದು ಬೇರೆ. ಕೆಲವು ಬಿಂದುಗಳು, ಅವುಗಳ ನಡುವೆ ಕೆಲವು ಗೆರೆಗಳು, ಇಷ್ಟೇ ಗ್ರಾಫ್. ಬಿಂದು ಊರಾದರೆ ಗೆರೆ ರಸ್ತೆ. ಬಿಂದು ಮನುಷ್ಯನಾದರೆ ಗೆರೆ ಪರಿಚಯ. ಗೆರೆ ನೆಟ್ಟಗಿದೆಯೋ ಸೊಟ್ಟಗಿದೆಯೋ, ಉದ್ದವೋ ಗಿಡ್ಡವೋ ಮುಖ್ಯವಲ್ಲ. ಯಾರಿಗೂ ಯಾರಿಗೂ ಸಂಬಂಧ ಇದೆ ಎಂಬುದಷ್ಟೇ ಮುಖ್ಯ. ನಮ್ಮ ಕಾಲದ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಇದರದ್ದೊಂದು ಪಾಠವಿತ್ತು. "ಎನ್ + ಆರ್ = ಎ + 2" ಎಂಬ ಸೂತ್ರ ನನ್ನ ಬ್ಯಾಚಿನವರಿಗೆ ನೆನಪಿರಬೇಕು. ಬಿಂದು ಎಣಿಸಿ, ವಲಯ ಎಣಿಸಿ, ಕಂಸ ಎಣಿಸಿ, ತಾಳೆ ನೋಡಿದರೆ ಅಂಕ ಖಾತ್ರಿ. ಆ ಸೂತ್ರ ಆಯ್ಲರ್ ಎಂಬ ಮಹಾ ಗಣಿತಜ್ಞನದು. ಅವನೇ 1736ರಲ್ಲಿ ಕೋನಿಗ್ಸ್‌ಬರ್ಗ್ ಎಂಬ ಊರಿನ ಏಳು ಸೇತುವೆಗಳ ಸಮಸ್ಯೆಯನ್ನು ಬಿಡಿಸಿದಾಗ ಈ ಶಾಸ್ತ್ರ ಹುಟ್ಟಿತು. ಪ್ರತಿ ಸೇತುವೆಯನ್ನೂ ಒಂದೊಂದೇ ಸಲ ದಾಟಿ ಊರೆಲ್ಲ ತಿರುಗಲು ಸಾಧ್ಯವೇ ಎಂಬುದು ಪ್ರಶ್ನೆ. ಸಾಧ್ಯವಿಲ್ಲ ಎಂದು ಅವನು ತೋರಿಸಿದ.

ಇನ್ನು ನಮ್ಮ ರೈಲು ಹತ್ತೋಣ. ಮಿರಜದಿಂದ ಲೋಂಡಾ ಕಡೆಗೆ ಬರುವ ಮಾರ್ಗದಲ್ಲಿ ಆರು ನಿಲ್ದಾಣಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯೋಣ: ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್. ಆರು ಬಿಂದು, ಒಂದರ ಪಕ್ಕ ಒಂದು, ನಡುವೆ ಐದು ಗೆರೆ. ಈಗ ಈ ಆರು ಕಡೆಗೂ ಸೇರಿ ಕೆಲವು ಕಡೆ ಆಂಬುಲೆನ್ಸ್ ನಿಲ್ಲಿಸಬೇಕು. ಶರತ್ತು ಒಂದೇ: ಯಾವ ನಿಲ್ದಾಣದಲ್ಲಿ ಆಂಬುಲೆನ್ಸ್ ಇಲ್ಲವೋ ಅದರ ಪಕ್ಕದ ನಿಲ್ದಾಣದಲ್ಲಾದರೂ ಇರಬೇಕು. ಕಡಿಮೆ ಎಂದರೆ ಎಷ್ಟು ಬೇಕು? ಎರಡು ಸಾಕು. ಒಂದು ಉಗಾರದಲ್ಲಿ, ಅದು ಶೇಡಬಾಳ ಮತ್ತು ಕುಡಚಿಯನ್ನು ನೋಡಿಕೊಳ್ಳುತ್ತದೆ. ಇನ್ನೊಂದು ರಾಯಬಾಗದಲ್ಲಿ, ಅದು ಚಿಂಚಲಿ ಮತ್ತು ಚಿಕ್ಕೋಡಿ ರೋಡನ್ನು ನೋಡಿಕೊಳ್ಳುತ್ತದೆ. ಹೀಗೆ ಉಳಿದೆಲ್ಲರನ್ನೂ ಕಾಯಬಲ್ಲ ಬಿಂದುಗಳ ಗುಂಪಿಗೆ ಡಾಮಿನೇಟಿಂಗ್ ಸೆಟ್ ಎನ್ನುತ್ತಾರೆ. ಕನ್ನಡದಲ್ಲಿ ಕಾವಲು ಗುಂಪು ಎನ್ನೋಣ. ಈ ಯೋಚನೆ ಮೊದಲು ಬಂದದ್ದು ಚದುರಂಗದ ಮಣೆಯಿಂದ. 64 ಮನೆಗಳನ್ನೂ ಕಾಯಲು 5 ರಾಣಿಗಳು ಸಾಕು ಎಂಬುದು 19ನೇ ಶತಮಾನದಲ್ಲೇ ಗೊತ್ತಿತ್ತು. 1962ರಲ್ಲಿ ಓರೆ ಎಂಬ ಗಣಿತಜ್ಞ ತನ್ನ ಪುಸ್ತಕದಲ್ಲಿ ಇದಕ್ಕೆ ಡಾಮಿನೇಷನ್ ಎಂದು ಹೆಸರಿಟ್ಟ. 1977ರಲ್ಲಿ ಕೊಕೇನ್ ಮತ್ತು ಹೆಡೆಟ್ನಿಯೆಮಿ ಎಂಬಿಬ್ಬರು ಈ ವಿಷಯದ ಮೇಲೆ ಒಂದು ದೊಡ್ಡ ಸಮೀಕ್ಷಾ ಲೇಖನ ಬರೆದರು. ಅಲ್ಲಿಂದ ಜಗತ್ತಿನ ಗಮನ ಇತ್ತ ಹರಿಯಿತು.

ಅದಾಗಿ ಎರಡೇ ವರ್ಷಕ್ಕೆ ಧಾರವಾಡದಿಂದ ಒಂದು ಹೊಸ ಪ್ರಶ್ನೆ ಬಂತು. ಸಂಪತ್‌ಕುಮಾರ್ ಮತ್ತು ಎಚ್. ಬಿ. ವಾಲೀಕಾರ ಕೇಳಿದ್ದು ಇಷ್ಟೇ: ಕಾವಲುಗಾರರು ಎಲ್ಲರನ್ನೂ ಕಾಯುತ್ತಾರೆ ಸರಿ, ಆದರೆ ಅವರವರು ಒಬ್ಬರಿಗೊಬ್ಬರು ಸಂಪರ್ಕದಲ್ಲಿರಬೇಕು ಎಂದರೆ ಏನಾಗುತ್ತದೆ? ಉಗಾರದ ಆಂಬುಲೆನ್ಸಿನವನು ರಾಯಬಾಗದವನಿಗೆ ಸುದ್ದಿ ಮುಟ್ಟಿಸಬೇಕು, ನಡುವೆ ಕಾವಲಿಲ್ಲದ ನಿಲ್ದಾಣದ ಹಂಗು ಇರಬಾರದು. ಆಗ ಎರಡು ಸಾಲುವುದಿಲ್ಲ. ಉಗಾರ, ಕುಡಚಿ, ಚಿಂಚಲಿ, ರಾಯಬಾಗ ನಾಲ್ಕೂ ಬೇಕು. ಮೊದಲ ಲೆಕ್ಕದಲ್ಲಿ ಚಿಂಚಲಿಗೆ ಏನೂ ಸಿಕ್ಕಿರಲಿಲ್ಲ, ಎರಡನೆಯ ಲೆಕ್ಕದಲ್ಲಿ ಚಿಂಚಲಿ ಇಲ್ಲದೆ ನಡೆಯುವುದೇ ಇಲ್ಲ! (ಚಪ್ಪಾಳೆ) ಈ ಚಪ್ಪಾಳೆ ಊರಿಗಲ್ಲ, ಪ್ರಶ್ನೆಗೆ ಎಂದು ತಿಳಿದುಕೊಳ್ಳುತ್ತೇನೆ. ಇದಕ್ಕೆ ಅವರು ಕನೆಕ್ಟೆಡ್ ಡಾಮಿನೇಷನ್ ನಂಬರ್ ಎಂದು ಹೆಸರಿಟ್ಟರು. ಕೂಡಿಕೊಂಡ ಕಾವಲಿನ ಸಂಖ್ಯೆ ಎನ್ನಬಹುದು. ಮದ್ರಾಸಿನಿಂದ ಹೊರಡುತ್ತಿದ್ದ ಗಣಿತ ಮತ್ತು ಭೌತವಿಜ್ಞಾನದ ಪತ್ರಿಕೆಯೊಂದರಲ್ಲಿ, 1979ರಲ್ಲಿ, ಏಳು ಪುಟಗಳ ಲೇಖನವಾಗಿ ಅದು ಅಚ್ಚಾಯಿತು.

ಆರು ನಿಲ್ದಾಣಗಳಿಗಾದರೆ ಬೆರಳೆಣಿಕೆಯಲ್ಲಿ ಉತ್ತರ ಸಿಗುತ್ತದೆ. ರಾಯಬಾಗ ತಾಲೂಕಿನ 40 ಹಳ್ಳಿಗಳನ್ನು, ನಡುವಿನ ಅಡ್ಡರಸ್ತೆಗಳನ್ನೆಲ್ಲ ಸೇರಿಸಿ ತೆಗೆದುಕೊಳ್ಳಿ. ಪ್ರತಿ ಹಳ್ಳಿಗೂ "ಕಾವಲು ಇದೆ" ಅಥವಾ "ಇಲ್ಲ" ಎಂಬ ಎರಡು ಆಯ್ಕೆ. 2ನ್ನು 40 ಸಲ ಗುಣಿಸಿದರೆ ಒಂದು ಲಕ್ಷ ಕೋಟಿಗೂ ಹೆಚ್ಚು ಗುಂಪುಗಳಾಗುತ್ತವೆ. ಒಂದೊಂದನ್ನೇ ಪರೀಕ್ಷಿಸುತ್ತಾ ಹೋದರೆ ಮುಗಿಯುವುದು ಯಾವಾಗ? ದೊಡ್ಡ ಜಾಲಗಳಿಗೆಲ್ಲ ಅನ್ವಯಿಸುವ, ಬೇಗ ಮುಗಿಯುವ, ನಿಖರ ಉತ್ತರವನ್ನೇ ಕೊಡುವ ವಿಧಾನ ಇಂದಿಗೂ ಯಾರ ಕೈಯಲ್ಲೂ ಇಲ್ಲ. ಕೇಳಲು ಇಷ್ಟು ಸರಳ, ಬಿಡಿಸಲು ಇಷ್ಟು ಕಠಿಣ. 1984ರಲ್ಲಿ ಹೆಡೆಟ್ನಿಯೆಮಿ ಮತ್ತು ರೇಣು ಲಸ್ಕರ್ ಈ ಧಾರವಾಡದ ಪ್ರಶ್ನೆಯನ್ನು ಕೈಗೆತ್ತಿಕೊಂಡು ಒಂದು ಸುಂದರ ಸಂಬಂಧವನ್ನು ತೋರಿಸಿದರು. ರೇಣು ಲಸ್ಕರ್ ಭಾರತದಲ್ಲಿ ಹುಟ್ಟಿ ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದವರು. ಹೆಣ್ಣುಮಕ್ಕಳು ಈ ಹೆಸರನ್ನು ಬರೆದಿಟ್ಟುಕೊಳ್ಳಿ. ಅವರು ತೋರಿಸಿದ್ದು ಹೀಗೆ: ಸುತ್ತು ಬಳಸು ಇಲ್ಲದೆ ಎಲ್ಲ ಊರುಗಳನ್ನೂ ಕೂಡಿಸುವ ರಸ್ತೆಗಳನ್ನಷ್ಟೇ ಉಳಿಸಿ ಒಂದು ಮರದಂತೆ ಮಾಡಿ. ಮರದ ತುದಿಯಲ್ಲಿ ಎಲೆಗಳಂತೆ ಒಂದೇ ರಸ್ತೆಯಿಂದ ನೇತಾಡುವ ಊರುಗಳು ಎಷ್ಟು ಹೆಚ್ಚಾಗುತ್ತವೋ ಅಷ್ಟು ಒಳ್ಳೆಯದು. ಒಟ್ಟು ಊರುಗಳಲ್ಲಿ ಆ ಎಲೆಗಳನ್ನು ಕಳೆದರೆ ಉಳಿದದ್ದೇ ಕೂಡಿಕೊಂಡ ಕಾವಲು. ನಮ್ಮ ರೈಲಿನಲ್ಲಿ ಆರು ನಿಲ್ದಾಣ, ತುದಿಯ ಎಲೆಗಳು ಎರಡು, ಉಳಿದದ್ದು ನಾಲ್ಕು. ತಾಳೆ ಬಂತಲ್ಲ!

ಈಗ ಮಾಯಕ್ಕನ ಜಾತ್ರೆಯನ್ನು ನೆನಪಿಸಿಕೊಳ್ಳಿ. ಭಾರತ ಹುಣ್ಣಿಮೆಗೆ ಕರ್ನಾಟಕ ಮಹಾರಾಷ್ಟ್ರಗಳಿಂದ ಜನ ಬಂದು ಸೇರಿದಾಗ ಫೋನು ಹತ್ತುವುದಿಲ್ಲ, ಜೊತೆಗಿದ್ದವರು ತಪ್ಪಿಸಿಕೊಂಡರೆ ಹುಡುಕುವುದು ದೊಡ್ಡ ಫಜೀತಿ. ಟವರಿನ ಹಂಗಿಲ್ಲದೆ ಫೋನಿನಿಂದ ಫೋನಿಗೆ ಸುದ್ದಿ ದಾಟುವ ವ್ಯವಸ್ಥೆ ಮಾಡಬೇಕು ಎಂದುಕೊಳ್ಳಿ. ಎಲ್ಲ ಫೋನುಗಳೂ ಸುದ್ದಿಯನ್ನು ಮರುಕಳಿಸಿದರೆ ಗದ್ದಲದಲ್ಲಿ ಏನೂ ಕೇಳಿಸದು. ಹಾಗಾಗಿ ಕೆಲವು ಫೋನುಗಳನ್ನು ಮಾತ್ರ ಡಂಗುರದವರನ್ನಾಗಿ ಆರಿಸಬೇಕು. ಪ್ರತಿಯೊಬ್ಬರಿಗೂ ಹತ್ತಿರದಲ್ಲಿ ಒಬ್ಬ ಡಂಗುರದವನಿರಬೇಕು, ಮತ್ತು ಡಂಗುರದವರು ತಮ್ಮತಮ್ಮಲ್ಲಿ ಕೂಡಿಕೊಂಡಿರಬೇಕು. ಇದು ಅಕ್ಷರಶಃ 1979ರ ಪ್ರಶ್ನೆ. ನಿಸ್ತಂತು ಜಾಲದ ಎಂಜಿನಿಯರುಗಳು ಇಂಥ ಗುಂಪಿಗೆ ಜಾಲದ ಬೆನ್ನೆಲುಬು ಎನ್ನುತ್ತಾರೆ. 1997ರಲ್ಲಿ ದಾಸ್ ಮತ್ತು ಭಾರ್ಗವನ್ ಎಂಬಿಬ್ಬರು ಇದೇ ಸೆಟ್ ಬಳಸಿ ಸುದ್ದಿಗೆ ದಾರಿ ಹುಡುಕುವ ವಿಧಾನ ಕೊಟ್ಟರು. 1998ರಲ್ಲಿ ಗುಹಾ ಮತ್ತು ಖುಲ್ಲರ್, ನಿಖರ ಉತ್ತರ ಸಿಗದಿದ್ದರೂ ಅದಕ್ಕಿಂತ ಹೆಚ್ಚು ದೂರವಿಲ್ಲದ ಉತ್ತರವನ್ನು ಬೇಗ ಪಡೆಯುವ ಬಗೆಯನ್ನು ತೋರಿಸಿದರು. ಅದಾದ ಮೇಲೆ ಬಂದ ಪ್ರಬಂಧಗಳಿಗೆ ಲೆಕ್ಕವೇ ಇಲ್ಲ. ನಮ್ಮ ಕಾರ್ಖಾನೆಯ ಸೆನ್ಸರ್‌ಗಳಿಗೂ ಕೊನೆಗೆ ನಾವು ಬಳಸಿದ್ದು ಇದೇ ಬಗೆಯ ಉಪಾಯವನ್ನು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಧಾರವಾಡದವರೇ ವೈಫೈ ಕಂಡುಹಿಡಿದರು ಎಂದು ಯಾರೂ ಊರಲ್ಲಿ ಹೇಳಿಕೊಂಡು ತಿರುಗಬೇಡಿ. ಜಾಲಕ್ಕೆ ಬೆನ್ನೆಲುಬು ಬೇಕು ಎಂಬ ವಿಚಾರಕ್ಕೆ ಎಂಜಿನಿಯರುಗಳು ತಮ್ಮದೇ ದಾರಿಯಲ್ಲಿ 1980ರ ದಶಕದಲ್ಲಿ ಬಂದಿದ್ದರು. ಆದರೆ ಅವರು ಬಂದು ನಿಂತ ಜಾಗದಲ್ಲಿ ಗಣಿತ ಮೊದಲೇ ಸಿದ್ಧವಾಗಿತ್ತು. ವ್ಯಾಖ್ಯೆ ಇತ್ತು, ಪ್ರಮೇಯಗಳಿದ್ದವು, ಎಲ್ಲಿ ಕಷ್ಟ ಎಂಬುದು ತಿಳಿದಿತ್ತು. ಬಿತ್ತುವ ಕಾಲಕ್ಕೆ ಹೊಲ ಹರಗಿಟ್ಟಿದ್ದರೆ ಬಿತ್ತುವವನಿಗೆ ಎಷ್ಟು ಹಗುರ ಎಂಬುದು ಇಲ್ಲಿ ಕೂತ ಒಕ್ಕಲಿಗರಿಗೆ ನಾನು ಹೇಳಬೇಕಾಗಿಲ್ಲ. 1979ರಲ್ಲಿ ನಮ್ಮ ಊರಿನಿಂದ ಬೇರೆ ಊರಿಗೆ ಫೋನ್ ಮಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಆ ಹೊತ್ತಿಗೆ ಕಿಸೆಯಲ್ಲಿಡುವ ಫೋನನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರೂ ಈ ಲೆಕ್ಕ ಮಾಡಲಿಲ್ಲ. ಪ್ರಶ್ನೆ ಸ್ವಾಭಾವಿಕವಾಗಿತ್ತು, ಅದಕ್ಕಾಗಿ ಕೇಳಿದರು.

ಸಂಪತ್‌ಕುಮಾರ್ ಅವರ ಕೆಲಸವನ್ನೆಲ್ಲ ನೋಡಿದರೆ ಈ ಗುಣ ಎದ್ದು ಕಾಣುತ್ತದೆ. 1973ರಲ್ಲಿ ಅವರು ಎಸ್. ಬಿ. ಚಿಕ್ಕೋಡಿಮಠ ಎಂಬವರ ಜೊತೆಗೂಡಿ ಸೆಮಿಟೋಟಲ್ ಗ್ರಾಫ್ ಎಂಬುದರ ಬಗ್ಗೆ ಬರೆದರು. ಅವುಗಳಲ್ಲಿ ಒಂದು ಬಗೆ ಹೀಗಿದೆ: ಪ್ರತಿಯೊಂದು ರಸ್ತೆಗೂ ಒಂದು ಹೊಸ ಬಿಂದು ಕೊಟ್ಟು, ರಸ್ತೆಯ ಎರಡೂ ತುದಿಯ ಊರಿಗೆ ಅದನ್ನು ಜೋಡಿಸಬೇಕು. ಆ ಲೇಖಕರ ಹೆಸರಿನಲ್ಲಿ ಚಿಕ್ಕೋಡಿ ಕಂಡಾಗ ನನಗಾದ ಖುಷಿ ನಿಮಗೂ ಆಗುತ್ತದೆ. ಆ ಲೇಖನ ಅಚ್ಚಾದದ್ದು ಲಂಡನ್ನಿನಲ್ಲಲ್ಲ, ಕರ್ನಾಟಕ ವಿಶ್ವವಿದ್ಯಾಲಯದ ಸ್ವಂತ ವಿಜ್ಞಾನ ಪತ್ರಿಕೆಯಲ್ಲಿ. 1980-81ರ ಸಂಚಿಕೆಯಲ್ಲಿ ಅದೇ ಪತ್ರಿಕೆಯಲ್ಲಿ ಸಂಪತ್‌ಕುಮಾರ್ ಮತ್ತು ವಾಲೀಕಾರ ನಾಲ್ಕು ಪುಟದಲ್ಲಿ ಸ್ಪ್ಲಿಟಿಂಗ್ ಗ್ರಾಫ್ ಎಂಬುದನ್ನು ಪರಿಚಯಿಸಿದರು. ಅದನ್ನು ನಮ್ಮ ಸ್ಟಾಫ್ ರೂಮಿನ ಉದಾಹರಣೆಯಿಂದ ಹೇಳುತ್ತೇನೆ. ಪ್ರತಿ ಶಿಕ್ಷಕರಿಗೂ ಒಬ್ಬ ಬದಲಿ ಶಿಕ್ಷಕರನ್ನು ನೇಮಿಸಿ. ಮೂಲ ಶಿಕ್ಷಕರಿಗೆ ಯಾರು ಯಾರು ಸ್ನೇಹಿತರೋ ಅವರೆಲ್ಲ ಬದಲಿಯವರಿಗೂ ಸ್ನೇಹಿತರು. ಆದರೆ ಮೂಲದವರಿಗೂ ಅವರ ಬದಲಿಗೂ ನಂಟಿಲ್ಲ, ಬದಲಿ ಬದಲಿಗಳ ನಡುವೆಯೂ ನಂಟಿಲ್ಲ. ಬಿಂದುಗಳು ಎರಡು ಪಟ್ಟಾಗುತ್ತವೆ, ಗೆರೆಗಳು ಸರಿಯಾಗಿ ಮೂರು ಪಟ್ಟಾಗುತ್ತವೆ. ಯಾಕೆ ಮೂರು ಪಟ್ಟು ಎಂದು ಮನೆಗೆ ಹೋಗಿ ಚಿತ್ರ ಬರೆದು ನೋಡಿ, ಒಂಬತ್ತನೆಯ ತರಗತಿಯವರಿಗೂ ಬರುತ್ತದೆ. ಈ ನಾಲ್ಕು ಪುಟವನ್ನು ಇಂದಿಗೂ ದೇಶ ವಿದೇಶದ ಗಣಿತಜ್ಞರು ಉಲ್ಲೇಖಿಸುತ್ತಾರೆ. ಅವರೆಲ್ಲರ ಪ್ರಬಂಧಗಳಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಪತ್ರಿಕೆಯ ಹೆಸರು ಅಚ್ಚಾಗುತ್ತಲೇ ಇದೆ.

ಇನ್ನೊಂದು ಕೆಲಸ ಕೇಳಿದರೆ ಊರಿನ ಹಿರಿಯರಿಗೆ ನಗು ಬಂದೀತು. ಅದು ಪಾರ್ಟಿಗಳ ಗಣಿತ. ಬಿಂದು ಎಂದರೆ ಮನುಷ್ಯ. ಗೆರೆಗೆ ಒಂದು ಚಿಹ್ನೆ: ಸ್ನೇಹವಿದ್ದರೆ ಪ್ಲಸ್, ವೈರವಿದ್ದರೆ ಮೈನಸ್. ಶತ್ರುವಿನ ಶತ್ರು ಮಿತ್ರ ಎನ್ನುವ ಲೆಕ್ಕ ಎಲ್ಲ ಕಡೆ ಕೂಡಿ ಬಂದರೆ ಅಂಥ ಗ್ರಾಫಿಗೆ ಸಮತೋಲನ ಇದೆ ಎನ್ನುತ್ತಾರೆ. ಮೂವರು ಪರಸ್ಪರ ವೈರಿಗಳಾಗಿದ್ದರೆ ಸಮತೋಲನ ಇಲ್ಲ, ಯಾರೋ ಇಬ್ಬರು ಒಂದಾಗುವವರೆಗೆ ನೆಮ್ಮದಿಯಿಲ್ಲ. ಸಮತೋಲನ ಇದ್ದರೆ ಊರು ಎರಡು ಪಾರ್ಟಿಯಾಗಿ ಒಡೆಯುತ್ತದೆ, ಪಾರ್ಟಿಯ ಒಳಗೆಲ್ಲ ಸ್ನೇಹ, ನಡುವೆ ಎಲ್ಲ ವೈರ ಎಂದು 1953ರಲ್ಲಿ ಫ್ರಾಂಕ್ ಹರಾರಿ ಎಂಬ ಅಮೆರಿಕದ ಗಣಿತಜ್ಞ ಸಾಧಿಸಿದ್ದರು. 1984ರಲ್ಲಿ ಸಂಪತ್‌ಕುಮಾರ್ ಮೂರು ಪುಟದ ಟಿಪ್ಪಣಿಯೊಂದರಲ್ಲಿ ಇದಕ್ಕೆ ಬಹಳ ಹಗುರವಾದ ಒರೆಗಲ್ಲು ಕೊಟ್ಟರು. ಪ್ರತಿ ಮನುಷ್ಯನ ಮೇಲೂ ಒಂದು ಪ್ಲಸ್ ಅಥವಾ ಮೈನಸ್ ಗುರುತು ಹಾಕಿ. ಪ್ರತಿ ಗೆರೆಯ ಚಿಹ್ನೆ ಅದರ ಎರಡು ತುದಿಯ ಗುರುತುಗಳ ಗುಣಲಬ್ಧಕ್ಕೆ ಸಮನಾಗುವಂತೆ ಗುರುತು ಹಾಕಲು ಬಂದರೆ ಸಮತೋಲನ ಇದೆ, ಬಾರದಿದ್ದರೆ ಇಲ್ಲ. ಮೈನಸ್ ಇಂಟು ಮೈನಸ್ ಪ್ಲಸ್ ಎಂದು ಏಳನೆಯ ತರಗತಿಯಲ್ಲಿ ಬಾಯಿಪಾಠ ಮಾಡಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಮೈಸೂರಿನ ಮಾನಸಗಂಗೋತ್ರಿಗೆ ಹೋದ ಮೇಲೂ ಪ್ರಶ್ನೆಗಳು ನಿಲ್ಲಲಿಲ್ಲ. 1989ರಲ್ಲಿ ಗ್ಲೋಬಲ್ ಡಾಮಿನೇಷನ್ ಎಂಬುದನ್ನು ತಂದರು. ಊರಿನಲ್ಲಿ ಒಂದು ಪಂಚರ ಸಮಿತಿ ಮಾಡಬೇಕು. ಸಮಿತಿಯ ಹೊರಗಿನ ಪ್ರತಿಯೊಬ್ಬನಿಗೂ ಸಮಿತಿಯಲ್ಲಿ ಒಬ್ಬ ಪರಿಚಯದವನಿರಬೇಕು, ಒಬ್ಬ ಪರಿಚಯವಿಲ್ಲದವನೂ ಇರಬೇಕು. ಪರಿಚಯದವನು ಕಷ್ಟ ಅರಿಯುತ್ತಾನೆ, ಪರಿಚಯವಿಲ್ಲದವನು ನಿಷ್ಪಕ್ಷಪಾತವಾಗಿ ನೋಡುತ್ತಾನೆ. ಅತಿ ಚಿಕ್ಕ ಸಮಿತಿ ಎಷ್ಟು ಜನರದ್ದು? ಪಂಚರ ಉಪಮೆ ನನ್ನದು, ಗಣಿತ ಅವರದು. 1996ರಲ್ಲಿ ಎಲ್. ಪುಷ್ಪಲತಾ ಎಂಬವರ ಜೊತೆ ಬರೆದ ಪ್ರಬಂಧದಲ್ಲಿ, ಹೆಚ್ಚು ನಂಟುಗಳಿರುವ ಬಿಂದು ಕಡಿಮೆ ನಂಟುಗಳಿರುವುದನ್ನು ಕಾಯುವುದೂ ಕಡಿಮೆ ನಂಟಿನದು ಹೆಚ್ಚಿನದನ್ನು ಕಾಯುವುದೂ ಒಂದೇ ಅಲ್ಲ ಎಂದು ಬೇರ್ಪಡಿಸಿ ತೋರಿಸಿದರು.

ಸೆಮಿಗ್ರಾಫ್ ಎಂಬ ಅವರ ಕಲ್ಪನೆಯನ್ನಂತೂ ನಾವು ಚಿಂಚಲಿಯವರು ಬೇರೆಯವರಿಗಿಂತ ಬೇಗ ಅರ್ಥ ಮಾಡಿಕೊಳ್ಳಬಹುದು. ಸಾಮಾನ್ಯ ಗ್ರಾಫಿನಲ್ಲಿ ಒಂದು ಗೆರೆಗೆ ಎರಡೇ ಬಿಂದು. ಆದರೆ ರೈಲು ಮಾರ್ಗ ಹಾಗಿಲ್ಲವಲ್ಲ, ಅದಕ್ಕೆ ಎರಡು ತುದಿ, ನಡುವೆ ಹಲವು ನಿಲ್ದಾಣ, ಅವುಗಳಿಗೊಂದು ಕ್ರಮ. ಆ ಕಡೆಯಿಂದ ಓದಿದರೂ ಈ ಕಡೆಯಿಂದ ಓದಿದರೂ ಮಾರ್ಗ ಒಂದೇ. ಎರಡು ಮಾರ್ಗಗಳು ಕೂಡುವುದಾದರೆ ಒಂದೇ ಬಿಂದುವಿನಲ್ಲಿ ಕೂಡಬೇಕು. ಇಂಥ ಉದ್ದ ಗೆರೆಗಳ ಗ್ರಾಫೇ ಸೆಮಿಗ್ರಾಫ್. ಇದರಲ್ಲಿ ತುದಿಯ ಬಿಂದು ಬೇರೆ, ನಡುವಿನ ಬಿಂದು ಬೇರೆ, ಒಂದು ಮಾರ್ಗಕ್ಕೆ ನಡುವಿನದಾಗಿ ಇನ್ನೊಂದಕ್ಕೆ ತುದಿಯಾಗುವ ಬಿಂದು ಮತ್ತೊಂದು ಬಗೆ. ಬಾಗಲಕೋಟೆಯಿಂದ ಬರುವ ಹೊಸ ಮಾರ್ಗ ಕುಡಚಿಗೆ ಮುಟ್ಟಿದರೆ ಕುಡಚಿ ಈ ಮೂರನೆಯ ಬಗೆಯದಾಗುತ್ತದೆ. ಮಾರ್ಗ ಯಾವಾಗ ಮುಟ್ಟುತ್ತದೆ ಎಂಬ ಪ್ರಶ್ನೆಗೆ ಮಾತ್ರ ಗಣಿತದಲ್ಲಿ ಉತ್ತರವಿಲ್ಲ. (ನಗು)

ಒಬ್ಬ ಪ್ರಾಧ್ಯಾಪಕರ ಕೆಲಸವನ್ನು ಅವರ ಪ್ರಬಂಧಗಳಿಂದ ಮಾತ್ರ ಅಳೆಯಬಾರದು. ಅವರ ಜೊತೆ ಬರೆದವರ ಹೆಸರುಗಳನ್ನು ಗಮನಿಸಿ. ಚಿಕ್ಕೋಡಿಮಠ, ವಾಲೀಕಾರ, ನೀರಲಗಿ, ಪುಷ್ಪಲತಾ. 1979ರಲ್ಲೇ ವಾಲೀಕಾರ, ಉಡುಪಿ ಕಡೆಯ ದೇವದಾಸ ಆಚಾರ್ಯ ಮತ್ತು ಸಂಪತ್‌ಕುಮಾರ್ ಸೇರಿ ಡಾಮಿನೇಷನ್ ಸಿದ್ಧಾಂತದ ಮೇಲೆ ಬರೆದ ಉಪನ್ಯಾಸ ಮಾಲೆ ಅಲಹಾಬಾದಿನ ಮೆಹ್ತಾ ಸಂಶೋಧನಾ ಸಂಸ್ಥೆಯಿಂದ ಅದರ ಗಣಿತ ಮಾಲೆಯ ಮೊದಲ ಸಂಪುಟವಾಗಿ ಬಂತು. ವಾಲೀಕಾರ ಮುಂದೆ ಕರ್ನಾಟಕ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನ ವಿಭಾಗದಲ್ಲಿ ಪ್ರಾಧ್ಯಾಪಕರಾದರು. 1999ರಲ್ಲಿ ಅವರು ಎಚ್. ಎಸ್. ರಾಮಣೆ ಮತ್ತು ಪಿ. ಆರ್. ಹಂಪಿಹೊಳಿ ಜೊತೆ ಬರೆದ ನಾಲ್ಕು ಪುಟಗಳ ಪ್ರಬಂಧದ ಕತೆ ಹೇಳಲೇಬೇಕು. ಸರ್ಬಿಯಾದ ಇವಾನ್ ಗುಟ್ಮನ್ ಎಂಬ ವಿಜ್ಞಾನಿ 1978ರಲ್ಲಿ ಗ್ರಾಫಿನ ಎನರ್ಜಿ ಎಂಬ ಅಳತೆಯೊಂದನ್ನು ಕೊಟ್ಟಿದ್ದರು, ಅದರ ಮೂಲ ರಸಾಯನ ವಿಜ್ಞಾನದಲ್ಲಿದೆ. ಎಲ್ಲ ಬಿಂದುಗಳಿಗೂ ಎಲ್ಲ ಬಿಂದುಗಳ ನಂಟಿರುವ ಗ್ರಾಫಿಗೇ ಈ ಎನರ್ಜಿ ಅತಿ ಹೆಚ್ಚಿರಬೇಕು ಎಂದು ಅವರು ಊಹಿಸಿದ್ದರು. ಹತ್ತು ಬಿಂದುಗಳಿಗೆ ಆ ಲೆಕ್ಕ 18. ಈಗ ಐವರು ಗೆಳೆಯರು ಒಬ್ಬರಿಗೊಬ್ಬರು ಕೈ ಕುಲುಕಿದರು ಎನ್ನಿ, ಒಟ್ಟು ಹತ್ತು ಕೈಕುಲುಕು. ಒಂದೊಂದು ಕೈಕುಲುಕನ್ನು ಒಂದು ಬಿಂದು ಮಾಡಿ, ಎರಡು ಕೈಕುಲುಕಿನಲ್ಲಿ ಒಬ್ಬನೇ ಗೆಳೆಯನಿದ್ದರೆ ಅವುಗಳ ನಡುವೆ ಗೆರೆ ಎಳೆಯಿರಿ. ಆ ಗ್ರಾಫಿನ ಎನರ್ಜಿ 20. ಊಹೆಯ ಮಿತಿಯನ್ನು ಅದು ದಾಟಿತು! ಐದಕ್ಕಷ್ಟೇ ಅಲ್ಲ, ಐದು ಮತ್ತು ಅದಕ್ಕಿಂತ ಹೆಚ್ಚು ಎಷ್ಟೇ ಗೆಳೆಯರಿದ್ದರೂ ಹೀಗೇ ಆಗುತ್ತದೆ ಎಂದು ಇವರು ಸಾಧಿಸಿದರು. ಮುಂದೆ ಗುಟ್ಮನ್ನರೇ ಇವರೊಂದಿಗೆ ಸೇರಿ ಪ್ರಬಂಧಗಳನ್ನು ಬರೆದರು. 2005ರ ಅಂಥದೊಂದು ಪ್ರಬಂಧದಲ್ಲಿ ರಾಮಣೆಯವರ ಹೆಸರಿನ ಕೆಳಗಿರುವ ವಿಳಾಸ ಬೆಳಗಾವಿಯ ಉದ್ಯಮಬಾಗದ ಗೋಗಟೆ ತಾಂತ್ರಿಕ ಮಹಾವಿದ್ಯಾಲಯ. ನಮ್ಮ ಊರಿನ ಹುಡುಗರು ಬಸ್ಸಿನ ಕಿಟಕಿಯಿಂದ ದಿನಾ ನೋಡುವ ವಿಳಾಸ ಅದು.

ಪ್ರಿಯ ವಿದ್ಯಾರ್ಥಿಗಳೇ, ನಿಮಗೆ ನಾನು ಹೇಳಬೇಕೆಂದಿರುವುದು ಇಲ್ಲಿದೆ. ಗಣಿತವೆಂದರೆ ಪುಸ್ತಕದ ಹಿಂದಿನ ಪುಟದಲ್ಲಿ ಉತ್ತರ ಇರುವ ಲೆಕ್ಕ ಎಂದು ನಮಗೆ ಅಭ್ಯಾಸವಾಗಿದೆ. ಬೇರೆ ಯಾರೋ ಕೇಳಿದ ಪ್ರಶ್ನೆಗೆ ಬೇರೆ ಯಾರೋ ಕೊಟ್ಟ ಉತ್ತರವನ್ನು ಮುಟ್ಟುವುದಷ್ಟೇ ನಮ್ಮ ಪಾಲಿನ ಕೆಲಸ ಎಂದುಕೊಂಡಿದ್ದೇವೆ. ಸಂಪತ್‌ಕುಮಾರ್ ಅವರ ಕೊಡುಗೆಯಲ್ಲಿ ದೊಡ್ಡ ಪಾಲು ಅವರು ಕೇಳಿದ ಪ್ರಶ್ನೆಗಳೇ. "ಕಾವಲುಗಾರರು ಕೂಡಿಕೊಂಡಿರಬೇಕಾದರೆ?" ಎಂದು ಕೇಳಲು ದೊಡ್ಡ ಪ್ರಯೋಗಾಲಯ ಬೇಕಿರಲಿಲ್ಲ. ಕರಿಹಲಗೆ, ಸುಣ್ಣದ ಕಡ್ಡಿ, ಎದುರಿಗೆ ಕೂತು ವಾದಿಸುವ ಒಬ್ಬ ಶಿಷ್ಯ ಅಥವಾ ಗೆಳೆಯ ಇದ್ದರೆ ಸಾಕಿತ್ತು. ಇವು ಮೂರೂ ನಮ್ಮ ಶಾಲೆಯಲ್ಲಿ ಐವತ್ತು ವರ್ಷಗಳಿಂದ ಇವೆ.

ಹೊಸ ಹೆಸರು ಕೊಟ್ಟ ಮಾತ್ರಕ್ಕೆ ಸಂಶೋಧನೆಯಾಗುತ್ತದೆಯೇ ಎಂದು ಇಲ್ಲಿರುವ ಗಣಿತ ಶಿಕ್ಷಕರು ಕೇಳಬಹುದು. ಆ ಪ್ರಶ್ನೆ ನ್ಯಾಯವಾದದ್ದು. ಗ್ರಾಫ್ ಸಿದ್ಧಾಂತದಲ್ಲಿ ಒಂದು ಶರತ್ತು ಸೇರಿಸಿ ಹೊಸ ಸಂಖ್ಯೆಯೊಂದಕ್ಕೆ ಹೆಸರಿಡುವುದು ಸುಲಭ, ಹಾಗೆ ಹೆಸರಿಟ್ಟು ಮರೆತುಹೋದ ಸಂಖ್ಯೆಗಳೂ ಬೇಕಾದಷ್ಟಿವೆ. ಆದರೆ ಒಂದು ಪ್ರಶ್ನೆ ಸರಿಯಾದದ್ದೇ ಅಲ್ಲವೇ ಎಂಬುದನ್ನು ಅದರ ಬಾಳಿಕೆ ಹೇಳುತ್ತದೆ. ಬೇರೆ ದೇಶದ, ಬೇರೆ ಶಾಸ್ತ್ರದ, ಬೇರೆ ತಲೆಮಾರಿನ ಜನ ಅದೇ ಪ್ರಶ್ನೆಗೆ ತಮ್ಮ ಕಾರಣಕ್ಕಾಗಿ ಬಂದು ಮುಟ್ಟಿದರೆ ಅದು ಸರಿಯಾದ ಪ್ರಶ್ನೆ. 1979ರ ಆ ಪ್ರಶ್ನೆ ಹಾಗೆ ಬಾಳಿದೆ. ನಮ್ಮ ಶಾಲೆಗೂ ಅದಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಪಾಲಕರಲ್ಲಿ ಒಂದು ವಿನಂತಿ. ಪಿಯುಸಿ ಮುಗಿಸಿದ ಮಗ ಅಥವಾ ಮಗಳು ಬಿ.ಎಸ್ಸಿ.ಯಲ್ಲಿ ಗಣಿತ ಓದುತ್ತೇನೆ ಎಂದರೆ "ಅದರಿಂದ ಏನು ಸಿಗತೈತಿ?" ಎಂದು ಕೂಡಲೇ ಕೇಳುತ್ತೇವೆ. ಎಂಜಿನಿಯರಿಂಗ್ ಓದಿ ಹೊಟ್ಟೆ ತುಂಬಿಸಿಕೊಂಡ ನಾನೇ ಹೇಳುತ್ತಿದ್ದೇನೆ, ನನ್ನಂಥವರು ಉಣ್ಣುವ ಅನ್ನದ ಬೀಜ ಅಂಥವರ ಹೊಲದ್ದು. ಸಂಸಾರದ ಅಡಚಣೆ ನನಗೂ ಗೊತ್ತು. ಬೇಗ ನೌಕರಿ ಬೇಕಾದ ಮನೆಯವರಿಗೆ ನಾನು ಉಪದೇಶ ಮಾಡುವುದಿಲ್ಲ. ಆದರೆ ನೂರು ಮಕ್ಕಳಲ್ಲಿ ಒಂದು ಮಗು ನಿಜವಾದ ಆಸೆಯಿಂದ ಕೇಳಿದರೆ ಅದರ ದಾರಿಗೆ ಅಡ್ಡ ನಿಲ್ಲುವುದು ಬೇಡ. ಹಣದ ಅಡಚಣೆಯಾದರೆ ನಾವು ಹಳೆಯ ವಿದ್ಯಾರ್ಥಿಗಳು ಕೂಡಿ ನೋಡೋಣ.

ಈ ಮಹೋತ್ಸವದ ನೆನಪಿಗೆ ನಮ್ಮ ಬ್ಯಾಚಿನವರು ಶಾಲೆಗೆ ಪ್ರೊಜೆಕ್ಟರ್ ಕೊಡುತ್ತಿದ್ದೇವೆ. ಅದರ ಜೊತೆಗೆ ಒಂದು ದಪ್ಪ ವಹಿಯನ್ನೂ ಕೊಡುತ್ತಿದ್ದೇನೆ. ಅದರಲ್ಲಿ ಏನೂ ಬರೆದಿಲ್ಲ, ಮೇಲೆ "ಪ್ರಶ್ನೆಗಳ ವಹಿ" ಎಂದಷ್ಟೇ ಇದೆ. ಪುಸ್ತಕದಲ್ಲಿ ಉತ್ತರ ಸಿಗದ ಪ್ರಶ್ನೆ ಯಾರಿಗಾದರೂ ಹೊಳೆದರೆ ದಿನಾಂಕ ಹಾಕಿ, ಹೆಸರು ಹಾಕಿ ಬರೆಯಿರಿ. ಹೂಗಾರರ ಹುಡುಗಿ ಮಾಲೆ ಕಟ್ಟುವಾಗ ಹೊಳೆದದ್ದಾಗಲಿ, ಕಬ್ಬಿನ ಗಾಡಿಯ ಸಾಲು ನೋಡಿ ಹೊಳೆದದ್ದಾಗಲಿ, ಯಾವುದೂ ನಡೆಯುತ್ತದೆ. ಶಿಕ್ಷಕರು ಅದಕ್ಕೆ ಅಂಕ ಕೊಡಬಾರದು ಎಂಬುದು ನನ್ನ ಒಂದೇ ಶರತ್ತು. ಪ್ರತಿ ವರ್ಷ ಜಾತ್ರೆಗೆ ಊರಿಗೆ ಬ‌ಂದಾಗ ಶಾಲೆಗೆ ಬಂದು ಅದನ್ನು ಓದುತ್ತೇನೆ, ತಿಳಿದವರಿಗೆ ಮುಟ್ಟಿಸುತ್ತೇನೆ.

ಮೊದಲ ಪ್ರಶ್ನೆಯನ್ನು ನಾನೇ ಬರೆದಿದ್ದೇನೆ: ಚಿಂಚಲಿಯ ಓಣಿಗಳಲ್ಲಿ ಎಷ್ಟು ಕಡೆ ದೀಪ ಹಾಕಿದರೆ ಪ್ರತಿ ಮೂಲೆಗೂ ಬೆಳಕು ಸಿಗುತ್ತದೆ, ಮತ್ತು ಒಂದು ದೀಪದ ಕೆಳಗಿನಿಂದ ಇನ್ನೊಂದು ದೀಪದ ಕೆಳಗೆ ಕತ್ತಲೆ ದಾಟದೆ ನಡೆದು ಹೋಗಬಹುದು? ಊರಿನ ನಕ್ಷೆ ಬರೆಯಲು ಯಾರು ಬರುತ್ತೀರೋ ಅವರು ಕಾರ್ಯಕ್ರಮ ಮುಗಿದ ಮೇಲೆ ನನ್ನನ್ನು ಕಾಣಿರಿ.